ಕಂಪು ಯಾರಿಗಾಗಿ? – ಬಿಜಾಪುರದ ಉದ್ಯಾನಗಳಿಂದ ಇಂಡಿಯ ಲಿಂಬೆ ತೋಟಗಳವರೆಗೆ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಹಸ್ತ ಮಳೆ ಮುಗಿದ ಅಕ್ಟೋಬರ್ ತಿಂಗಳ ಒಂದು ಮುಂಜಾನೆ, ಹೂಬಿಟ್ಟ ಲಿಂಬೆ ತೋಟದ ಬದುವಿನ ಮೇಲೆ ನಿಂತು ನೋಡಿ. ತೋಟ ಕಣ್ಣಿಗೆ ಕಾಣುವ ಮೊದಲೇ ಅದರ ಕಂಪು ಮೂಗಿಗೆ ತಲುಪಿರುತ್ತದೆ. ಹತ್ತಿರ ಹೋದರೆ ಮುಳ್ಳುಗಳ ನಡುವೆ, ಎಲೆಯ ಕಂಕುಳಲ್ಲಿ, ಉಗುರಿನಷ್ಟು ಚಿಕ್ಕ ಬಿಳಿಯ ಹೂವುಗಳು. ಇನ್ನೂ ಹತ್ತಿರ ಹೋಗಿ ಕಿವಿಗೊಟ್ಟರೆ ಸಣ್ಣಗೆ ಒಂದು ಗುಂಯ್‌ಗುಡುವಿಕೆ. ತೋಟದ ಒಡೆಯನನ್ನು ಮಾತಿಗೆಳೆದರೆ ಆತ ನೀರಿನ ಬಗ್ಗೆ, ಗೊಬ್ಬರದ ಬಗ್ಗೆ, ಸೊಲ್ಲಾಪುರದ ಪೇಟೆಯ ದರದ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲ. ಗುಂಯ್‌ಗುಡುವವರ ಬಗ್ಗೆ ಕೇಳಿದರೆ 'ಹುಳಾ ಬರ್ತಾವ್ರೀ' ಎಂದು ಸುಮ್ಮನಾಗುವುದೇ ಹೆಚ್ಚು.

ಇದು ಇಂದಿನ ರೈತನೊಬ್ಬನ ಮರೆವಲ್ಲ. ಈ ಬರಡು ಬಯಲು ಸೀಮೆಯಲ್ಲಿ ಕಂಪಿನ ಗಿಡಗಳನ್ನು ಬೆಳೆಸುವ ಪರಂಪರೆ ಬಹಳ ಹಳೆಯದು. ಹನಿ ಹನಿ ನೀರು ಕೂಡಿಟ್ಟು ಅವನ್ನು ಸಾಕಲಾಗಿದೆ. ಆದರೆ ಆ ಗಿಡಗಳು ಯಾರನ್ನು ಕರೆಯಲೆಂದು ಕಂಪು ಬೀರುತ್ತವೆಯೋ ಆ ಅತಿಥಿಯ ಹೆಸರು ಯಾವ ಕಾಲದ ಲೆಕ್ಕಪುಸ್ತಕದಲ್ಲೂ ಬಂದದ್ದು ಕಡಿಮೆ. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹಿಂಬಾಲಿಸೋಣ.

ಗಂಧಯುಕ್ತಿಯ ಕಾಲ

ಕ್ರಿ.ಶ. 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಎಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ' ಎಂಬ ಗ್ರಂಥವನ್ನು ಬರೆದ. (ಈತ ಶ್ರವಣಬೆಳಗೊಳದ ಚಾವುಂಡರಾಯನಲ್ಲ, ಎರಡನೆಯ ಚಾವುಂಡರಾಯನೆಂದು ವಿದ್ವಾಂಸರು ಗುರುತಿಸುತ್ತಾರೆ.) ಮಳೆಯ ಮುನ್ಸೂಚನೆ, ಅಂತರ್ಜಲ ಶೋಧ, ಅಡುಗೆ, ವಿಷವೈದ್ಯಗಳ ಜೊತೆಗೆ ವೃಕ್ಷಾಯುರ್ವೇದ ಮತ್ತು ಗಂಧಯುಕ್ತಿ, ಅಂದರೆ ಗಿಡ ಸಾಕುವ ಶಾಸ್ತ್ರ ಮತ್ತು ಸುಗಂಧ ತಯಾರಿಸುವ ಶಾಸ್ತ್ರ, ಈ ಒಂದೇ ಪುಸ್ತಕದಲ್ಲಿವೆ. ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿ, ರಾಜಭೋಗಗಳಲ್ಲಿ ಸುಗಂಧಕ್ಕೂ ಹೂವಿಗೂ ಸ್ಥಾನ ಕೊಟ್ಟ. ಇಂದಿನ ವಿಜಯಪುರ ಜಿಲ್ಲೆ ಆಗ ಈ ಚಾಲುಕ್ಯರ ನಾಡಿನ ಒಳಗೇ ಇತ್ತು.

ಕನ್ನಡ ಕವಿಗಳಿಗೂ ಹೂವಿನ ಬಳಿ ಬರುವ ತುಂಬಿ ಚಿರಪರಿಚಿತ. ಆದರೆ ಕಾವ್ಯದ ತುಂಬಿ ಪ್ರಣಯಿ, ಇಲ್ಲವೇ ಮಧುಚೋರ. ಹೂವಿಗೆ ಅದು ಏನನ್ನಾದರೂ ಕೊಡುತ್ತದೆ ಎಂಬ ಕಲ್ಪನೆ ಅಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಕವಿಗಳನ್ನು ದೂರಬೇಕಾಗಿಲ್ಲ. ಆ ಕಾಲದಲ್ಲಿ ಜಗತ್ತಿನ ಎಲ್ಲಿಯೂ ಈ ವಿಷಯ ತಿಳಿದಿರಲಿಲ್ಲ.

ತೋಟಕ್ಕಿಂತ ಮೊದಲು ನೀರು

ಆದಿಲ್‌ಶಾಹಿ ಸುಲ್ತಾನರ ಬಿಜಾಪುರವೆಂದರೆ ನಮ್ಮ ಕಣ್ಣಮುಂದೆ ಗೋಲ ಗುಮ್ಮಟ ನಿಲ್ಲುತ್ತದೆ. ಆ ನಗರದ ನಿಜವಾದ ಸಾಹಸ ನೆಲದ ಕೆಳಗಿದೆ ಎಂದು ನನಗೆ ಅನ್ನಿಸುತ್ತದೆ. ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ, ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ದಿಬ್ಬದ ಮೇಲೆ ಒಂದು ರಾಜಧಾನಿ. ಅದಕ್ಕೆ ಪಶ್ಚಿಮದ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ ನೀರು ತಂದರು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರನ್ನು ಊರಿಗೆ ಹರಿಸಿದರು. ಕೊಳವೆಯಲ್ಲಿ ಒತ್ತಡ ಹೆಚ್ಚಿ ಒಡೆಯದಂತೆ ದಾರಿಯುದ್ದಕ್ಕೂ 'ಗಂಜ್' ಎಂಬ ನೀರಿನ ಗೋಪುರಗಳನ್ನು ನಿಲ್ಲಿಸಿದರು. ಒತ್ತಡವನ್ನು ಇಳಿಸಿ, ಹೂಳನ್ನು ತಳಕ್ಕೆ ಕೂರಿಸಿ ನೀರನ್ನು ಮುಂದಕ್ಕೆ ಬಿಡುವ ಈ ಗೋಪುರಗಳಲ್ಲಿ ಕೆಲವನ್ನು ಇಂದಿಗೂ ನೋಡಬಹುದು. ಚಾಂದ್ ಬಾವಡಿ, 1620ರ ತಾಜ್ ಬಾವಡಿಗಳಂಥ ದೊಡ್ಡ ಬಾವಿಗಳು ಬೇರೆ.

ಈ ನೀರು ಕುಡಿಯುವುದಕ್ಕಷ್ಟೇ ಅಲ್ಲ, ತೋಟಗಳಿಗೂ ಹರಿಯಿತು. ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕುಮಟಗಿ ಎಂಬ ಊರಿದೆ. ಅಲ್ಲಿ ಕೆರೆಯ ಪಕ್ಕದಲ್ಲಿ ಆದಿಲ್‌ಶಾಹಿ ವಿಹಾರಮಂಟಪಗಳು, ಕೊಳಗಳು, ನೀರು ಚಿಮ್ಮಿಸಲು ಮಾಡಿದ ಏರ್ಪಾಡುಗಳು ಈಗಲೂ ಉಳಿದಿವೆ. ಬಿಸಿಲ ನಾಡಿನಲ್ಲಿ ತೋಟವೆಂದರೆ ಮೊದಲು ತಂಪು, ಆಮೇಲೆ ಕಂಪು, ಕೊನೆಗೆ ಬಣ್ಣ ಎಂಬುದು ಆ ಜಾಗದಲ್ಲಿ ನಿಂತರೆ ಅರ್ಥವಾಗುತ್ತದೆ.

ಎರಡನೆಯ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) ಕಂಪಿನ ಮೇಲೆ ವಿಶೇಷ ಆಸಕ್ತಿಯಿದ್ದ ದೊರೆ. ಸಂಗೀತಪ್ರಿಯನಾದ ಈತ ದಖ್ಖನಿಯಲ್ಲಿ ರಚಿಸಿದ 'ಕಿತಾಬ್-ಎ-ನವ್‌ರಸ್' ಬಹಳ ಪ್ರಸಿದ್ಧ. ನವರಸವೆಂಬ ಶಬ್ದ ಅವನಿಗೆ ಎಷ್ಟು ಪ್ರಿಯವಾಗಿತ್ತೆಂದರೆ 1599ರಲ್ಲಿ ತೊರವಿಯ ಬಳಿ ಕಟ್ಟಿಸತೊಡಗಿದ ಹೊಸ ನಗರಕ್ಕೆ ನವ್‌ರಸ್‌ಪುರ ಎಂದೇ ಹೆಸರಿಟ್ಟ. ('ತೊರವೆ ರಾಮಾಯಣ'ದ ಕುಮಾರ ವಾಲ್ಮೀಕಿಯ ತೊರವೆಯೂ ಇದೇ.) ಅವನಿಗಾಗಿ ನಿಜಾಮುದ್ದೀನ್ ಮಹಮೂದ್ ಎಂಬಾತ ಪಾರ್ಸಿಯಲ್ಲಿ ಬರೆದ ಸುಗಂಧದ ಗ್ರಂಥವೊಂದಿದೆ, ಅದರ ಹೆಸರು 'ಇತ್ರ್-ಎ-ನವ್‌ರಸ್ ಶಾಹಿ'. ಇತ್ರ್ ಎಂದರೆ ಅತ್ತರು. ಮುಂದೆ 1657ರಲ್ಲಿ ಎರಡನೆಯ ಅಲಿ ಆದಿಲ್ ಶಾಹನ ಆಸ್ಥಾನಕವಿ ನುಸ್ರತಿ ಬರೆದ 'ಗುಲ್ಶನ್-ಎ-ಇಶ್ಕ್' ಎಂಬ ದಖ್ಖನಿ ಕಾವ್ಯದಲ್ಲಿ ಉದ್ಯಾನದ ವರ್ಣನೆಗಳು ಹೇರಳವಾಗಿವೆ. ಮನೋಹರ–ಮಧುಮಾಲತಿಯರ ಪ್ರೇಮಕಥೆ ಅದರ ವಸ್ತು. ನಾಯಕಿಯ ಹೆಸರೇ ಒಂದು ಹೂಬಳ್ಳಿಯದು!

ಮೂಗಿನ ತೋಟ, ಜೇನಿನ ತೋಟ

ಇಲ್ಲಿ ಸಸ್ಯವಿಜ್ಞಾನದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮನುಷ್ಯ ಕಂಪಿಗಾಗಿ ಆರಿಸಿ ಬೆಳೆಸಿದ ಹೂಗಳೆಲ್ಲ ಜೇನಿಗೆ ಉಪಯುಕ್ತವಲ್ಲ. ಮನೆಯಂಗಳದ ದುಂಡು ಮಲ್ಲಿಗೆಯನ್ನು ತೆಗೆದುಕೊಳ್ಳಿ. ಅದರ ಎಸಳುಗಳು ಒತ್ತೊತ್ತಾಗಿ ಪದರಪದರವಾಗಿವೆ. ಇಂಥ ಬಹುದಳದ ಹೂಗಳಲ್ಲಿ ಹೆಚ್ಚಿನ ಎಸಳುಗಳು ಮೂಲತಃ ಕೇಸರಗಳಾಗಬೇಕಾಗಿದ್ದವು. ಎಲ್ಲೋ ಒಮ್ಮೆ ಆದ ಬದಲಾವಣೆಯಿಂದ ಅವು ಎಸಳುಗಳಾದವು. ಮನುಷ್ಯ ಅಂಥ ಗಿಡವನ್ನು ಮೆಚ್ಚಿ, ಕಾಂಡ ನೆಟ್ಟು, ಊರಿಂದೂರಿಗೆ ಹಂಚಿದ. ಕೇಸರವಿಲ್ಲದಲ್ಲಿ ಪರಾಗವಿಲ್ಲ, ಕಾಯಿಯಿಲ್ಲ, ಬೀಜವೂ ಇಲ್ಲ. ಅನೇಕ ಪದರಗಳ ತೋಟದ ಗುಲಾಬಿಯ ಕಥೆಯೂ ಬಹುಪಾಲು ಇದೇ. ಕಂಪು ಉಳಿದಿದೆ, ಆದರೆ ಆ ಕರೆಗೆ ಓಗೊಟ್ಟು ಬಂದ ಕೀಟ ಬರಿಗೈಯಲ್ಲಿ ಮರಳಬೇಕು. ಇವನ್ನು ಮೂಗಿನ ತೋಟದ ಗಿಡಗಳು ಎನ್ನಬಹುದು.

ಅದೇ ತೋಟಗಳಲ್ಲಿ ಇನ್ನೊಂದು ಬಗೆಯ ಗಿಡಗಳೂ ಬೆಳೆಯುತ್ತವೆ. ಗೋರಂಟಿ ಅಥವಾ ಮದರಂಗಿಯನ್ನು ನೋಡಿ. ಎಲೆಯ ಬಣ್ಣಕ್ಕಾಗಿ ಎಲ್ಲರಿಗೂ ಗೊತ್ತು. ಅದರ ಗೊಂಚಲು ಹೂವಿನ ಗಾಢ ಕಂಪಿನಿಂದಲೇ ಹಿನಾ ಅತ್ತರು ತಯಾರಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಒಣಭೂಮಿಯಲ್ಲಿ ಬೇಲಿಯಾಗಿ ನಿಲ್ಲುವ ಈ ಪೊದೆಯ ಹೂವಿಗೆ ಜೇನ್ನೊಣ ಮುಗಿಬೀಳುತ್ತವೆ. ಎರಡನೆಯದು ಲಿಂಬೆ. ಐದು ಎಸಳು, ಇಪ್ಪತ್ತಕ್ಕೂ ಹೆಚ್ಚು ಕೇಸರಗಳು, ಅಂಡಾಶಯದ ಬುಡದಲ್ಲಿ ಒಂದು ಉಂಗುರದಂತಹ ತಟ್ಟೆ. ಆ ತಟ್ಟೆಯೇ ಮಕರಂದ ಗ್ರಂಥಿ. ಹೂವಿನ ಕಂಪಿಗೆ ಕಾರಣವಾದ ವಸ್ತುಗಳಲ್ಲಿ ಲಿನಲೂಲ್, ಲಿಮೊನೀನ್‌ಗಳು ಸೇರಿವೆ. ಸಂಜೆ ಅರಳಿ ರಾತ್ರಿಯ ಪತಂಗಗಳನ್ನು ಕರೆಯುವ ಮಲ್ಲಿಗೆ ಜಾತಿಗಳಿಗಿಂತ ಭಿನ್ನವಾಗಿ, ಲಿಂಬೆಯ ವ್ಯವಹಾರವೆಲ್ಲ ಹಗಲಿನದು. ಹಗಲಿನಲ್ಲಿ ದುಡಿಯುವ ಜೇನ್ನೊಣಗಳೇ ಅದರ ಮುಖ್ಯ ಗಿರಾಕಿಗಳು.

ಬಿಜಾಪುರದ ಅತ್ತರುಗಾರರಿಗೆ ಇದು ತಿಳಿಯುವ ಸಾಧ್ಯತೆ ಇರಲಿಲ್ಲ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಶರಣಾಯಿತು. ಅದಾಗಿ ಎಂಟು ವರ್ಷಕ್ಕೆ, 1694ರಲ್ಲಿ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಕಮೆರಾರಿಯಸ್ ಎಂಬ ವೈದ್ಯ ಸಸ್ಯಗಳಲ್ಲೂ ಗಂಡು ಹೆಣ್ಣುಗಳಿವೆ, ಪರಾಗವಿಲ್ಲದೆ ಬೀಜ ಕಟ್ಟದು ಎಂದು ಪ್ರಯೋಗ ಮಾಡಿ ತೋರಿಸಿದ. ಪರಾಗವನ್ನು ಸಾಗಿಸುವವರಲ್ಲಿ ಕೀಟಗಳದು ದೊಡ್ಡ ಪಾತ್ರ ಎಂಬುದನ್ನು ವಿವರವಾಗಿ ತೋರಿಸಲು ಇನ್ನೂ ನೂರು ವರ್ಷ ಬೇಕಾಯಿತು. ಬರ್ಲಿನ್ ಬಳಿಯ ಸ್ಪಾಂಡೌ ಊರಿನ ಶಾಲೆಯ ಮುಖ್ಯೋಪಾಧ್ಯಾಯ ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್ ನೂರಾರು ಹೂಗಳ ಮುಂದೆ ಕುಳಿತು ನೋಡಿ 1793ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹೂವಿನ ಬಣ್ಣ, ಕಂಪು, ಮಕರಂದಗಳೆಲ್ಲ ಕೀಟವನ್ನು ಬರಮಾಡಿಕೊಳ್ಳುವ ಏರ್ಪಾಡುಗಳು ಎಂದು ಆತ ಹೇಳಿದಾಗ ಕೇಳುವವರು ಇರಲಿಲ್ಲ. ಮರುವರ್ಷ ಅವನ ಕೆಲಸವೂ ಹೋಯಿತು. ಸುಮಾರು ಐವತ್ತು ವರ್ಷದ ನಂತರ ಚಾರ್ಲ್ಸ್ ಡಾರ್ವಿನ್ ಆ ಪುಸ್ತಕವನ್ನು ಓದಿ ಅದರ ಬೆಲೆಯನ್ನು ಕಂಡುಕೊಂಡ.

ಮಾದಳದ ಮಗ

ಲಿಂಬೆ ಇಲ್ಲಿಗೆ ಬಂದ ದಾರಿ ಯಾವುದು? ಹೆಸರಿನಿಂದಲೇ ಆರಂಭಿಸಬಹುದು. ಸಂಸ್ಕೃತದಲ್ಲಿ ನಿಂಬ ಎಂದರೆ ಬೇವು. ನಿಂಬೂ ಎಂದರೆ ಲಿಂಬೆ. ಇವೆರಡರ ಗೊಂದಲ ಮರಾಠಿಯಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ಲಿಂಬು ಎಂದರೆ ಲಿಂಬೆ, ಕಡುಲಿಂಬ ಎಂದರೆ ಬೇವು. ಇದೇ ಶಬ್ದ ಪಾರ್ಸಿಯ 'ಲೀಮೂ', ಅರಬ್ಬಿಯ 'ಲೈಮೂನ್' ಆಗಿ, ಅಲ್ಲಿಂದ ಯೂರೋಪಿಗೆ ಹೋಗಿ 'ಲೆಮನ್', 'ಲೈಮ್'ಗಳಾಯಿತು. ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಹಣ್ಣುಗಳನ್ನು ಪಟ್ಟಿ ಮಾಡುವಾಗ ಲೀಮೂವಿನ ಜೊತೆ ಅದರ ಹಲವು ಬಂಧುಗಳನ್ನು ಒಂದೊಂದಾಗಿ ವರ್ಣಿಸಿದ್ದಾನೆ.

ಈ ಬಂಧುಗಳ ನಿಜವಾದ ಸಂಬಂಧ ತಿಳಿದದ್ದು ಮಾತ್ರ ತೀರಾ ಈಚೆಗೆ. ಸಿಟ್ರಸ್ ಕುಲದ ಅನೇಕ ಗಿಡಗಳ ಜೀನೋಮ್‌ಗಳನ್ನು ಹೋಲಿಸಿ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಕುಲದ ತವರು ಅಸ್ಸಾಂ, ಮ್ಯಾನ್ಮಾರ್, ಯುನ್ನಾನ್‌ಗಳು ಕೂಡುವ ಹಿಮಾಲಯದ ಆಗ್ನೇಯ ತಪ್ಪಲು. ಸುಮಾರು 80 ಲಕ್ಷ ವರ್ಷಗಳ ಹಿಂದೆ ಹವೆ ಬದಲಾದಾಗ ಅದು ಅಲ್ಲಿಂದ ಹರಡಿ ಕವಲೊಡೆಯಿತು. ನಮ್ಮ ಕಾಗ್ಜಿ ಲಿಂಬೆ, ಅಂದರೆ ಸಿಟ್ರಸ್ ಔರಾಂಟಿಫೋಲಿಯಾ, ಒಂದು ಮಿಶ್ರತಳಿ. ತಂದೆತಾಯಿಗಳಲ್ಲಿ ಒಂದು ಆಗ್ನೇಯ ಏಷ್ಯಾದ ಸಿಟ್ರಸ್ ಮೈಕ್ರಾಂತಾ ಎಂಬ ಕಾಡುಗಿಡ. ಇನ್ನೊಂದು ನಮ್ಮ ಮಾದಳ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲುಂಗವೆಂಬ ಹಣ್ಣು ಇದೇ ಮಾದಳ. ಎರಡು ಬೇರೆ ಪ್ರಭೇದಗಳ ಹೂಗಳ ನಡುವೆ ಎಂದೋ ಒಂದು ದಿನ ಪರಾಗ ದಾಟಿರಬೇಕಲ್ಲ? ಅದನ್ನು ದಾಟಿಸಿದ್ದು ಬಹುಶಃ ಯಾವುದೋ ಒಂದು ಜೇನ್ನೊಣ. ಹಾಗೆ ನೋಡಿದರೆ ಲಿಂಬೆ ಎಂಬ ಹಣ್ಣೇ ಪರಾಗವಾಹಕರ ಕೊಡುಗೆ.

ಮಿಶ್ರತಳಿಯ ಬೀಜ ಬಿತ್ತಿದರೆ ತಾಯಿಯಂಥ ಗಿಡ ಬರುವುದು ಅಪರೂಪ. ಲಿಂಬೆಯಲ್ಲಿ ಮಾತ್ರ ಸಾಮಾನ್ಯವಾಗಿ ಬರುತ್ತದೆ. ಇದಕ್ಕೆ ಕಾರಣ ಬಹುಭ್ರೂಣತೆ. ಒಂದೇ ಬೀಜದಲ್ಲಿ ಹಲವು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದಿಂದ ಹುಟ್ಟಿದವಲ್ಲ, ತಾಯಿಯ ಅಂಗಾಂಶದಿಂದಲೇ ಮೂಡಿದ ತದ್ರೂಪಿಗಳು. ಕಸಿ ಗೊತ್ತಿಲ್ಲದ ರೈತನೂ ಹಣ್ಣಿನ ಬೀಜವನ್ನು ಬಿತ್ತಿ ಅದೇ ಲಿಂಬೆಯನ್ನು ಬೆಳೆಯಲು ಸಾಧ್ಯವಾದದ್ದು ಹೀಗೆ. ಒಂದು ಗಿಡ ಊರಿನಿಂದ ಊರಿಗೆ ಸದ್ದಿಲ್ಲದೆ ಹರಡಲು ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಇಂಡಿಯ ಕಡೆಗೆ

ರಾಜಧಾನಿ ಬಿದ್ದ ಮೇಲೆ ಕೊಳವೆ ರಿಪೇರಿ ಮಾಡುವವರಿಲ್ಲದೆ ಅರಮನೆಯ ತೋಟಗಳು ಒಣಗಿದವು. ನವ್‌ರಸ್‌ಪುರವಂತೂ ಅದಕ್ಕೂ ಮೊದಲೇ, 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್‌ನ ದಾಳಿಗೆ ತುತ್ತಾಗಿತ್ತು. ಆದರೆ ಬಾವಿಯ ಪಕ್ಕದಲ್ಲಿ ನಿಲ್ಲುವ ನಾಲ್ಕು ಲಿಂಬೆಗಿಡಕ್ಕೆ ರಾಜನ ಆಶ್ರಯ ಬೇಕಿಲ್ಲ. 1876–78ರ ಭೀಕರ ಬರವೂ ಸೇರಿ ಎಷ್ಟೋ ಬರಗಳು ಈ ಸೀಮೆಯನ್ನು ಹಾದುಹೋದವು. 1884ರಲ್ಲಿ ಹೊಟಗಿ–ಗದಗ ರೈಲುಮಾರ್ಗ ಬಂದು, ಇಂಡಿ ಸೀಮೆಯಿಂದ ಹಿಡಿದು ಮುಳವಾಡದವರೆಗಿನ ಊರುಗಳು ಸೊಲ್ಲಾಪುರದ ಪೇಟೆಗೆ ಹತ್ತಿರವಾದವು. ಗೋಣಿಚೀಲದಲ್ಲಿ ತುಂಬಿದರೂ ನಾಲ್ಕು ದಿನ ತಾಳುವ ಹಣ್ಣು ಲಿಂಬೆ. ಎರೆಭೂಮಿಯಲ್ಲಿ ನೀರು ನಿಂತರೆ ಬುಡ ಕೊಳೆತು ಸಾಯುವ ಈ ಗಿಡಕ್ಕೆ ನೀರು ಬಸಿದುಹೋಗುವ ಮಡ್ಡಿ, ಮಸಾರಿ ನೆಲಗಳು ಒಗ್ಗುತ್ತವೆ. ಜೋಳಕ್ಕೆ ಆಗದ ನೆಲವೆಂದು ಬಿಟ್ಟದ್ದು ಲಿಂಬೆಗೆ ಆಯಿತು.

ಇಂದು ಕರ್ನಾಟಕದಲ್ಲಿ ಲಿಂಬೆ ಎಂದರೆ ವಿಜಯಪುರ ಜಿಲ್ಲೆ. ಅದರಲ್ಲೂ ಇಂಡಿ ಮತ್ತು ಸಿಂದಗಿಯ ಕಡೆ. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಅರಸರ ವಿಹಾರದ ಗಿಡ ಸಾಮಾನ್ಯ ರೈತನ ಜೀವನಾಧಾರವಾಯಿತು ಎನ್ನಬಹುದು. 2016ರ ಸುತ್ತಲಿನ ಬರ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ನೀರು ಕೊಂಡು ಗಿಡದ ಬುಡಕ್ಕೆ ಸುರಿದವರಿದ್ದಾರೆ. ಹತ್ತು ವರ್ಷ ಸಾಕಿದ ಗಿಡ ಕಣ್ಣೆದುರು ಒಣಗಿದ್ದನ್ನು ಕಡಿದು ಸೌದೆ ಮಾಡಿದವರೂ ಇದ್ದಾರೆ.

ಬಹಾರದ ಲೆಕ್ಕ

ಲಿಂಬೆ ವರ್ಷದಲ್ಲಿ ಮೂರು ಸಲ ಹೂಬಿಡುತ್ತದೆ. ಮೃಗಶಿರ ಮಳೆಯ ಹೊತ್ತಿಗೆ ಬರುವುದು ಮೃಗ ಬಹಾರ, ಹಸ್ತ ಮಳೆಯ ಹೊತ್ತಿನದು ಹಸ್ತ ಬಹಾರ, ಮಾವು ಹೂಬಿಡುವ ಜನವರಿ–ಫೆಬ್ರವರಿಯದು ಅಂಬೆ ಬಹಾರ. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಬೇಕು. ಆದ್ದರಿಂದ ಹಸ್ತ ಬಹಾರದ ಕಾಯಿ ಕೈಗೆ ಬರುವುದು ಬಿರುಬೇಸಿಗೆಯಲ್ಲಿ, ಊರೂರಲ್ಲಿ ಪಾನಕಕ್ಕೆ ಬೇಡಿಕೆ ಇರುವಾಗ. ದರ ಸಿಗುವುದು ಆಗಲೇ. ಮಳೆಗಾಲದಲ್ಲಿ ಅದೇ ಹಣ್ಣನ್ನು ಕೀಳಿಸಿದ ಕೂಲಿಯೂ ಹುಟ್ಟದ ದಿನಗಳುಂಟು.

ಹೀಗಾಗಿ ರೈತ ಹೂವಿನ ಕಾಲವನ್ನೇ ತನಗೆ ಬೇಕಾದಂತೆ ತಿರುಗಿಸಲು ನೋಡುತ್ತಾನೆ. ಕೆಲವು ವಾರ ನೀರು ಕಟ್ಟಿ ಗಿಡವನ್ನು ಬಾಡಿಸಿ, ಆಮೇಲೆ ಗೊಬ್ಬರ ಹಾಕಿ ನೀರು ಬಿಟ್ಟರೆ ಅದು ಒಮ್ಮೆಗೇ ಹೂಬಿಡುತ್ತದೆ. ಬಾಡಿದ ಗಿಡ ತನ್ನ ಬೆಳವಣಿಗೆಯನ್ನು ನಿಲ್ಲಿಸಿ ಮೊಗ್ಗಿನ ಕಡೆ ತಿರುಗುವುದೇ ಇದರ ಹಿಂದಿನ ಸಸ್ಯಶಾಸ್ತ್ರ. ಹಸ್ತದಲ್ಲಿ ಆಕಾಶವೇ ನೀರು ಸುರಿಯುತ್ತಿದ್ದರೆ ಈ ಉಪಾಯ ನಡೆಯದು. ಆಗ ಬೆಳವಣಿಗೆ ತಡೆಯುವ ರಾಸಾಯನಿಕ ಸಿಂಪಡಿಸುವ ಪದ್ಧತಿಯೂ ಬಂದಿದೆ.

ಈ ಲೆಕ್ಕದಲ್ಲಿ ನೀರಿದೆ, ಗೊಬ್ಬರವಿದೆ, ದರವಿದೆ. ಒಮ್ಮೆಗೇ ಅರಳುವ ಲಕ್ಷಾಂತರ ಹೂಗಳನ್ನು ಮುಟ್ಟಿಬರಬೇಕಾದವರು ಮಾತ್ರ ಇಲ್ಲ. ಲಿಂಬೆ ಸ್ವಪರಾಗಸ್ಪರ್ಶದಿಂದಲೂ ಕಾಯಿ ಕಟ್ಟಬಲ್ಲದು ನಿಜ. ಹಾಗೆಂದು ಪರಾಗ ತಾನಾಗಿಯೇ ಶಲಾಕಾಗ್ರಕ್ಕೆ ಹಾರುವುದಿಲ್ಲ. ಅದು ಅಂಟಂಟಾದ ಪರಾಗ, ಗಾಳಿಗೆ ತೇಲುವಂಥದ್ದಲ್ಲ. ಕೋಲುಜೇನು, ಹೆಜ್ಜೇನು, ಮುಜಂಟಿ, ಒಂಟಿಯಾಗಿ ಬದುಕುವ ಚಿಕ್ಕ ಜೇನುಗಳು, ಹೂನೊಣಗಳು ಈ ಕೆಲಸ ಮಾಡುತ್ತವೆ. ಬಯಲು ಸೀಮೆಯಲ್ಲಿ ಪೆಟ್ಟಿಗೆಯ ತುಡುವೆ ಜೇನು ಕಡಿಮೆ. ಬೋರೆ ಪೊದೆಯಲ್ಲೋ ಬೇಲಿಯ ಕೊಂಬೆಯಲ್ಲೋ ಅಂಗೈಯಗಲದ ಒಂದೇ ಹುಟ್ಟು ಕಟ್ಟುವ ಕೋಲುಜೇನಿನ ಕೊಡುಗೆ ಹೆಚ್ಚು.

ಸಿಟ್ರಸ್ ಹೂವು ಈ ಕೆಲಸಗಾರರನ್ನು ಹಿಡಿದಿಡುವ ರೀತಿ ಕುತೂಹಲಕಾರಿ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬ್ರಿಟನ್ನಿನ ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು ಕಾಫಿ ಹಾಗೂ ಸಿಟ್ರಸ್ ಕುಲದ ಕೆಲವು ಗಿಡಗಳ ಮಕರಂದದಲ್ಲಿ ಅತ್ಯಲ್ಪ ಪ್ರಮಾಣದ ಕೆಫೀನ್ ಇರುವುದನ್ನು ವರದಿ ಮಾಡಿದರು. ಕಹಿ ಗೊತ್ತಾಗದಷ್ಟು ಕಡಿಮೆ, ಆದರೆ ನೆನಪನ್ನು ಗಟ್ಟಿಮಾಡುವಷ್ಟು. ಕೆಫೀನ್ ಬೆರೆತ ಸಕ್ಕರೆನೀರು ಕುಡಿದ ಜೇನ್ನೊಣಗಳಲ್ಲಿ, ಒಂದು ದಿನದ ನಂತರವೂ ಆ ಕಂಪನ್ನು ನೆನಪಿಟ್ಟವು ಬರೀ ಸಕ್ಕರೆನೀರು ಕುಡಿದವುಗಳಿಗಿಂತ ಮೂರು ಪಟ್ಟು. ನಾವು ಕಾಫಿ ಕುಡಿದು ಪರೀಕ್ಷೆಗೆ ಓದುವಂತೆಯೇ!

ತಾಯಿ ಹೂವಿಗೆ, ಮರಿ ಎಲೆಗೆ

ಲಿಂಬೆಗಿಡಕ್ಕೆ ಬರುವ ಇನ್ನೊಬ್ಬ ಅತಿಥಿ ಹಳದಿ–ಕಪ್ಪು ಚುಕ್ಕೆಗಳ ದೊಡ್ಡ ಚಿಟ್ಟೆ. ಲಿನೇಯಸ್ 1758ರಲ್ಲಿ ಪ್ಯಾಪಿಲಿಯೊ ಡಿಮೋಲಿಯಸ್ ಎಂದು ಹೆಸರಿಟ್ಟ ಇದನ್ನು ನಾವು ಲಿಂಬೆಚಿಟ್ಟೆ ಎನ್ನುತ್ತೇವೆ. ತಾಯಿ ಹೂವಿಂದ ಹೂವಿಗೆ ಹಾರುತ್ತದೆ, ಚಿಗುರಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿಹುಳು ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆ, ಬಲಿತಮೇಲೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡಿನಂಥ ಅಂಗ ಚಾಚಿ ಘಾಟು ವಾಸನೆ ಬಿಡುತ್ತದೆ. ಲಿಂಬೆಯ ಎಳೆಗಿಡಗಳನ್ನು ಇದು ಬೋಳಾಗಿಸುವುದರಿಂದ ರೈತನಿಗೆ ಶತ್ರು. ಏಷ್ಯಾದ ಈ ಚಿಟ್ಟೆ 2004ರಲ್ಲಿ ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲೂ ಕಾಣಿಸಿಕೊಂಡು ಅಲ್ಲಿನ ಬೆಳೆಗಾರರ ನಿದ್ದೆ ಕೆಡಿಸಿತು.

ಲಿಂಬೆ ತೋಟಗಳು ಬರುವ ಮೊದಲು ಈ ಬಯಲಿನಲ್ಲಿ ಆ ಚಿಟ್ಟೆ ಏನು ತಿಂದುಕೊಂಡಿತ್ತು? ಬಿಲ್ವಪತ್ರೆ, ಬೆಳವಲ ಮರಗಳು ಅದಕ್ಕೆ ಆಹಾರ. ಎರೆಹೊಲದ ಬದುಗಳಲ್ಲಿ ಬೆಳೆಯುವ ಬಾವಂಚಿ ಗಿಡದ ಎಲೆಯನ್ನೂ ಅದರ ಮರಿ ತಿನ್ನುತ್ತದೆ. ಇದು ತೋಟ ಮಾಡುವವರಿಗೆ ಬೇಕಾದ ಮಾಹಿತಿ. ಈಚೆಗೆ ಪಟ್ಟಣಗಳ ಮನೆಯಂಗಳದಲ್ಲಿ ಚಿಟ್ಟೆ ತೋಟ ಮಾಡುವ ಹವ್ಯಾಸ ಬೆಳೆದಿದೆ. ಮಕರಂದದ ಹೂಗಿಡ ನೆಟ್ಟರೆ ಚಿಟ್ಟೆ ಊಟಕ್ಕೆ ಬರುತ್ತದೆ ಅಷ್ಟೆ; ಮರಿ ತಿನ್ನುವ ಎಲೆಯೂ ಇದ್ದರೆ ಮಾತ್ರ ಸಂಸಾರ ಹೂಡುತ್ತದೆ. ಅದಕ್ಕೆ ಒಂದು ಕರಿಬೇವು ಸಾಕು. ಲಿಂಬೆಯ ಕುಟುಂಬಕ್ಕೇ ಸೇರಿದ ಇದರ ಬಿಳಿ ಹೂಗೊಂಚಲಿಗೂ ಕಂಪಿದೆ, ಎಲೆ ಅಡುಗೆಗೂ ಬರುತ್ತದೆ, ಮರಿಹುಳುವಿಗೂ ಆಗುತ್ತದೆ. ಹೂವು ಚಂದವೆಂದು ಲಂಟಾನವನ್ನು ಮಾತ್ರ ತರಬೇಡಿ. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದ ಆ ಪೊದೆಗೂ ಚಿಟ್ಟೆಗಳು ಮುತ್ತುತ್ತವೆ, ಆದರೆ ಅದು ಇಂದು ಬಿಳಿಗಿರಿರಂಗನ ಬೆಟ್ಟದಂಥ ಕಾಡುಗಳನ್ನು ಉಸಿರುಗಟ್ಟಿಸಿದೆ.

ನೀರು ಬಂದ ಮೇಲೆ

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು ನಿಂತದ್ದು ದಶಕಗಳ ನಂತರ. ಆದರೆ ವಿಜಯಪುರ ಜಿಲ್ಲೆಯ ಬಹುಭಾಗ ಆ ನೀರಿಗಿಂತ ಎತ್ತರದಲ್ಲಿದೆ. ಹಿನ್ನೀರನ್ನು ಪಂಪುಗಳಿಂದ ಮೇಲೆತ್ತಿ ಬಸವನ ಬಾಗೇವಾಡಿಯಿಂದ ಆಚೆಯ ತಾಲೂಕುಗಳ ಒಣಭೂಮಿಗೆ ಹರಿಸುವುದು ಮುಳವಾಡ ಏತ ನೀರಾವರಿ ಯೋಜನೆಯ ಉದ್ದೇಶ. ಕಳೆದ ದಶಕದಿಂದ ಈ ಸೀಮೆಯ ಕಾಲುವೆಗಳಲ್ಲಿ, ತುಂಬಿಸಿದ ಕೆರೆಗಳಲ್ಲಿ ನೀರು ಕಾಣುತ್ತಿದೆ. ಆದಿಲ್‌ಶಾಹಿ ಕಾಲದ ಬೇಗಂ ತಲಾಬ್‌ಗೂ ಕೃಷ್ಣೆಯ ನೀರು ತಲುಪಿತು. ಗಂಜ್‌ಗಳಲ್ಲಿ ಇಳುಕಲಿನ ಬಲದಿಂದ ಹರಿದ ನೀರಿನ ಜಾಗದಲ್ಲಿ ಈಗ ವಿದ್ಯುತ್ತಿನ ಬಲದಿಂದ ಏರಿಬರುವ ನೀರು.

ನೀರು ಬಂದರೆ ಹಸಿರು ಹೆಚ್ಚುತ್ತದೆ, ಹಸಿರು ಹೆಚ್ಚಿದರೆ ಜೇನು ಹೆಚ್ಚಬೇಕು ಎಂಬುದು ಮೇಲ್ನೋಟದ ತರ್ಕ. ವಿಷಯ ಅಷ್ಟು ಸರಳವಲ್ಲ. ಮಳೆಯಾಶ್ರಯದ ಹೊಲದಲ್ಲಿ ತೊಗರಿ ಅಕ್ಟೋಬರಿನಿಂದ ಹೂಬಿಡುತ್ತಿತ್ತು; ಗುರೆಳ್ಳು, ಸೂರ್ಯಕಾಂತಿ ಇರುತ್ತಿದ್ದವು; ಬಿಳಿಜೋಳದ ನಡುವೆ, ಅಂಚಿಗೆ ಹಾಕಿದ ಕುಸುಬೆ ಜನವರಿ–ಫೆಬ್ರವರಿಯಲ್ಲಿ ಅರಳುತ್ತಿತ್ತು. ಹಸ್ತ ಬಹಾರದಿಂದ ಅಂಬೆ ಬಹಾರದವರೆಗೆ, ಲಿಂಬೆ ಹೂವಿಲ್ಲದ ವಾರಗಳಲ್ಲಿ ಜೇನಿನ ಹೊಟ್ಟೆ ಹೊರೆದದ್ದು ಈ ಬೆಳೆಗಳು. ನೀರು ಬಂದಲ್ಲಿ ಅವುಗಳ ಜಾಗಕ್ಕೆ ಬರುವುದು ಹೆಚ್ಚಾಗಿ ಕಬ್ಬು. ಸೂಲಂಗಿ ಮೂಡುವ ಮೊದಲೇ ಕಡಿಯುವ ಬೆಳೆಯದು. ಮೂಡಿದರೂ ಅದರಲ್ಲಿ ಮಕರಂದವಿಲ್ಲ. ಜೇನಿನ ದೃಷ್ಟಿಯಿಂದ ಎಕರೆಗಟ್ಟಲೆ ಕಬ್ಬು ಒಂದು ಹಸಿರು ಮರುಭೂಮಿ. ಹೊಲ ಸಮ ಮಾಡುವಾಗ ಬದುವಿನ ಬೋರೆ, ಜಾಲಿ, ಬಾವಂಚಿಗಳೂ ಹೋಗುತ್ತವೆ. ಕೋಲುಜೇನು ಹುಟ್ಟು ಕಟ್ಟುತ್ತಿದ್ದದ್ದು ಅಲ್ಲಿಯೇ.

ಇನ್ನೊಂದು ಕಡೆ ಸಿಂಪಡಣೆ. ಎಲೆಯ ಮೇಲೆ ಬಿಳಿಗೆರೆ ಬರೆಯುವ ರಂಗೋಲಿ ಹುಳುವಿಗೆ, ಚಿಗುರು ಹೀರುವ ಸಿಲ್ಲಾ ಕೀಟಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಕೀಟನಾಶಕಗಳನ್ನು ಬಳಸುತ್ತಾರೆ. ಅಂತರ್ವ್ಯಾಪಿ ಎಂದರೆ ಗಿಡದ ರಸದಲ್ಲಿ ಬೆರೆತು ಎಲ್ಲ ಭಾಗಗಳಿಗೂ ತಲುಪುವಂಥದ್ದು. ಆ 'ಎಲ್ಲ'ದರಲ್ಲಿ ಮಕರಂದ, ಪರಾಗಗಳೂ ಸೇರಿವೆ. ಜೇನಿನ ಹಿತದೃಷ್ಟಿಯಿಂದ ಯೂರೋಪಿಯನ್ ಒಕ್ಕೂಟ ಇದೂ ಸೇರಿದಂತೆ ಇಂಥ ಮೂರು ರಾಸಾಯನಿಕಗಳ ಬಯಲು ಬಳಕೆಯನ್ನು 2018ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಆ ನಿಷೇಧವಿಲ್ಲ. ರೈತನ ಕಷ್ಟವೂ ಸುಳ್ಳಲ್ಲ. ಚಿಗುರು ಮತ್ತು ಹೂವು ಲಿಂಬೆಯಲ್ಲಿ ಒಟ್ಟೊಟ್ಟಿಗೇ ಬರುತ್ತವೆ, ಹುಳುವೂ ಆಗಲೇ ಬರುತ್ತದೆ. ಆದರೂ ಮೊಗ್ಗು ಒಡೆಯುವ ಮೊದಲೇ ಹುಳುವಿನ ಹತೋಟಿ ಮುಗಿಸುವುದು, ಹೂವಿರುವಾಗ ಸಿಂಪಡಣೆ ಅನಿವಾರ್ಯವಾದರೆ ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ ಬೇವಿನ ಬೀಜದ ಕಷಾಯದಂಥದ್ದನ್ನು ಆರಿಸಿಕೊಳ್ಳುವುದು ಕೈಲಾಗದ ಕೆಲಸವಲ್ಲ. ತೋಟದ ಬೇಲಿಗೆ ತಂತಿಯ ಜೊತೆ ಒಂದು ಸಾಲು ಮದರಂಗಿ ಹಚ್ಚುವುದಕ್ಕೂ ಹೆಚ್ಚಿನ ನೀರು ಬೇಡ.

ಎಣಿಸಿ ನೋಡಿ

ಶಾಲೆಗಳಲ್ಲಿ ಹೂವಿನ ಭಾಗಗಳನ್ನು ತೋರಿಸಲು ನಾವು ದಾಸವಾಳವನ್ನೇ ಸೀಳುತ್ತೇವೆ. ವಿಜಯಪುರ ಜಿಲ್ಲೆಯ ಶಾಲೆಗಳಾದರೂ ಲಿಂಬೆಯನ್ನು ಹಿಡಿಯಬಹುದು. ಒಂದು ಗಿಡದಲ್ಲಿ ಒಂದೇ ದಿಕ್ಕಿಗಿರುವ ಎರಡು ಕೊಂಬೆಗಳನ್ನು ಆರಿಸಿ, ತಲಾ 50 ಮೊಗ್ಗುಗಳನ್ನು ಗುರುತು ಮಾಡಿ. ಒಂದು ಕೊಂಬೆಗೆ ಮೊಗ್ಗು ಅರಳುವ ಮೊದಲೇ ಸೊಳ್ಳೆಪರದೆಯ ಬಟ್ಟೆಯಿಂದ ಸಡಿಲವಾದ ಚೀಲ ಕಟ್ಟಿ. ಇನ್ನೊಂದನ್ನು ಹಾಗೆಯೇ ಬಿಡಿ. ಹೂವು ಉದುರಿದ ಮೇಲೆ ಚೀಲ ಬಿಚ್ಚಿ, ತಿಂಗಳ ನಂತರ ಎರಡರಲ್ಲೂ ನಿಂತ ಕಾಯಿಗಳನ್ನು ಎಣಿಸಿ. ಎರಡರಲ್ಲೂ ಬಹುಪಾಲು ಹೂಗಳು ಉದುರಿಹೋಗಿರುತ್ತವೆ. ಗಾಬರಿಯಾಗಬೇಡಿ, ಲಿಂಬೆಯ ಸ್ವಭಾವವೇ ಅದು. ಕೆಲವು ಹೂಗಳಲ್ಲಿ ಅಂಡಾಶಯ ಬೆಳೆದೇ ಇರುವುದಿಲ್ಲ, ಅವು ಗಂಡು ಹೂಗಳು. ಒಂದು ಗಿಡದಿಂದ ಏನನ್ನೂ ನಿರ್ಧರಿಸಲಾಗದು. ಹತ್ತು ಗಿಡಗಳಲ್ಲಿ ಮಾಡಿ, ಮೂರು ಬಹಾರಗಳಲ್ಲೂ ಮಾಡಿ.

ಅದರ ಜೊತೆಗೆ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ತೆರೆದ ಕೊಂಬೆಯ ಮುಂದೆ ಹದಿನೈದು ನಿಮಿಷ ಕುಳಿತು ಬಂದವರನ್ನು ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ದೊಡ್ಡ ಜೇನು, ಸಣ್ಣ ಜೇನು, ನೊಣ, ಚಿಟ್ಟೆ ಎಂದರೂ ನಡೆಯುತ್ತದೆ. ಕಾಲುವೆ ನೀರು ಹರಿದ ಊರಿನ ತೋಟದಲ್ಲೊಮ್ಮೆ, ಇನ್ನೂ ಕೊಳವೆಬಾವಿಯನ್ನೇ ನೆಚ್ಚಿದ ಊರಿನ ತೋಟದಲ್ಲೊಮ್ಮೆ ಎಣಿಸಿದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಮುಳವಾಡದ ನೀರು ಇನ್ನಷ್ಟು ಹೊಲಗಳಿಗೆ ತಲುಪುವ ಮೊದಲು ಈ ಎಣಿಕೆ ಆರಂಭವಾದರೆ, ಹತ್ತು ವರ್ಷದ ನಂತರ ಹೋಲಿಸಲು ಒಂದು ಮೊದಲ ಪುಟ ಇರುತ್ತದೆ.